ಲೈನ್ ಇಲ್ಲದ ಫೋನಿನಲ್ಲಿ ಅಮ್ಮ

ತೀರಿಹೋದ ಅಮ್ಮನ ದನಿ ಕೇಳಿಸುವ ಫೋನು ಕೆಲಸ ಮಾಡುತ್ತದೆ ಅಂತ ನಮ್ಮ ಮನೆಯಲ್ಲಿ ಒಬ್ಬರೂ ನಂಬಿರಲಿಲ್ಲ. ಅಣ್ಣ "ನಿನಗೆ ತಲೆ ಕೆಟ್ಟಿದೆ" ಅಂದ. ಅತ್ತಿಗೆ ಸ್ವಲ್ಪ ಮೆತ್ತಗೆ, "ಮಾವನಿಗೆ ಇನ್ನೂ ಜಾಸ್ತಿ ಸಂಕಟ ಆಗುತ್ತೆ, ಬೇಡ ಬಿಡು" ಅಂದರು. ಎಲೆಕ್ಟ್ರಾನಿಕ್ಸ್ ಚೆನ್ನಾಗಿ ಗೊತ್ತಿರುವ ಗೆಳೆಯನೊಬ್ಬ ಅಮ್ಮನ ಮಾತಿದ್ದ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, "ಇವುಗಳ ಕಥೆ ಮುಗಿದಿದೆ, ಎಸಿ" ಅಂದ. ಈಗ ಆ ಫೋನು ಅಪ್ಪನ ಮೇಜಿನ ಮೇಲೆ ಕೂತು ಹದಿನಾಲ್ಕು ತಿಂಗಳಾಯಿತು. ತನಗೂ ಒಂದು ಮಾಡಿಕೊಡು ಅಂತ ಅಣ್ಣ ಎರಡು ಸಲ ಕೇಳಿದ್ದಾನೆ. ಮೂರನೇ ಸಲ ಕೇಳಲಿ, ಆಗ ನೋಡೋಣ.

ವಿಷಯ ಇಷ್ಟೇ. ಹಳೇ ಲ್ಯಾಂಡ್‌ಲೈನ್ ಫೋನು. ರಿಸೀವರ್ ಎತ್ತಿದರೆ ಅಮ್ಮನ ಒಂದು ಮಾತು ಕೇಳುತ್ತದೆ, ಹತ್ತು ಹದಿನೈದು ಸೆಕೆಂಡು. ಇಟ್ಟು ಮತ್ತೆ ಎತ್ತಿದರೆ ಬೇರೆ ಮಾತು. ಪರದೆ ಇಲ್ಲ, ಮೆನು ಇಲ್ಲ, ಆ್ಯಪ್ ಇಲ್ಲ.

ನನಗೂ ಅಮ್ಮನಿಗೂ ಇದ್ದದ್ದು ಫೋನಿನ ನಂಟು. ನಾನು ಮನೆ ಬಿಟ್ಟು ಓದಲು ಹೋದಾಗಿನಿಂದ ರಾತ್ರಿ ಒಂಬತ್ತೂವರೆಗೆ ಮಾತಾಡುತ್ತಿದ್ದೆವು, ಇಪ್ಪತ್ತು ವರ್ಷಕ್ಕೂ ಜಾಸ್ತಿ. ಬುದ್ಧಿವಾದ, ಆಶೀರ್ವಾದ ಎಲ್ಲಾ ಕಮ್ಮಿ. ಯಾರು ಯಾರಿಗೆ ಏನಂದರು, ನನ್ನ ಆಫೀಸಿನಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡರು, ಇಂಥವೇ ಜಾಸ್ತಿ. ನನ್ನ ಬಾಸ್‌ಗೆ ಅವಳಿಟ್ಟ ಅಡ್ಡಹೆಸರು ಇವತ್ತಿಗೂ ನನ್ನ ಫೋನಿನಲ್ಲಿ ಆತನ ಹೆಸರಿನ ಜಾಗದಲ್ಲಿದೆ. "ನೀವಿಬ್ರೂ ತಾಯಿ ಮಗಳಾ, ಕ್ಲಾಸ್‌ಮೇಟಾ?" ಅಂತ ಚಿಕ್ಕಮ್ಮ ಕೇಳುತ್ತಿದ್ದರು. ಅಮ್ಮ ಹೋದ ಮೇಲೆ ತಾಯಿ ಇಲ್ಲ ಅನ್ನುವುದನ್ನು ಎಲ್ಲರೂ ಬಂದು ಹೇಳಿದರು, ಸಮಾಧಾನ ಮಾಡಿದರು. ಗೆಳತಿ ಇಲ್ಲ ಅನ್ನುವುದು ನನಗೊಬ್ಬಳಿಗೇ, ದಿನಾ ರಾತ್ರಿ ಒಂಬತ್ತೂವರೆಗೆ, ಗೊತ್ತಾಗುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಫೋಟೊ ಪುಸ್ತಕ. ಸುಮಾರು ಇನ್ನೂರು ಫೋಟೊ ಹೆಕ್ಕಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಒಳ್ಳೆ ದಪ್ಪ ಕಾಗದದ ಮೇಲೆ ನಾಲ್ಕು ಪ್ರತಿ ಅಚ್ಚು ಹಾಕಿಸಿದೆ. ತಿಂಗಳ ಸಂಬಳದ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಎಲ್ಲರೂ ಒಂದು ಸಲ ತಿರುವಿ ಹಾಕಿದರು, ಕಣ್ಣು ಒರೆಸಿಕೊಂಡರು, ಕಪಾಟಿನಲ್ಲಿಟ್ಟರು. ಎರಡನೇ ಸಲ ತೆಗೆದದ್ದನ್ನು ನಾನು ನೋಡಿಲ್ಲ. ನಾನೂ ತೆಗೆದಿಲ್ಲ. ಫೋಟೊದಲ್ಲಿ ಅಮ್ಮ ಯಾವಾಗಲೂ ಫೋಟೊ ತೆಗೆಸಿಕೊಳ್ಳುತ್ತಿರುವ ಅಮ್ಮನೇ ಆಗಿರುತ್ತಾಳೆ. ಭುಜ ಸೆಟೆದಿರುತ್ತದೆ.

ಆಮೇಲೆ ವಿಡಿಯೊ. ಹಿಂದೆ ಸಂಗೀತ, ಮೇಲೆ ಅಕ್ಷರ, ಒಟ್ಟು ನಲವತ್ತು ನಿಮಿಷ. ಎಡಿಟಿಂಗ್ ಸಾಫ್ಟ್‌ವೇರಿಗೆ ಒಂದು ವರ್ಷದ ಚಂದಾ ಕಟ್ಟಿದೆ, ಬಳಸಿದ್ದು ಮೂರು ವಾರ. ಅಣ್ಣ ಹತ್ತು ನಿಮಿಷ ನೋಡಿ ಎದ್ದು ಹೋದ. ತಪ್ಪು ಅವನದಲ್ಲ. ಸಂಗೀತ ಅಳು ಅಂತ ಅಪ್ಪಣೆ ಕೊಡುತ್ತಿತ್ತು.

ಆದರೆ ಆ ವಿಡಿಯೊದಲ್ಲಿ ಒಂದು ಕಡೆ, ಯಾರದೋ ಮನೆಯ ಅಂಗಳದಲ್ಲಿ ಮಕ್ಕಳು ಆಡುತ್ತಿರುವಾಗ, ಚೌಕಟ್ಟಿನ ಹೊರಗಿಂದ ಅಮ್ಮನ ದನಿ ಬರುತ್ತದೆ: "ಆ ಚಪ್ಪಲಿ ಆಚೆ ಸರಿಸ್ರೋ, ಯಾರಾದ್ರೂ ಎಡವಿ ಬೀಳ್ತಾರೆ." ನಾಲ್ಕು ಸೆಕೆಂಡು. ಸೋಫಾದಲ್ಲಿ ಕೂತಿದ್ದ ಅಪ್ಪ ತಟ್ಟನೆ ಕಾಲು ಹಿಂದಕ್ಕೆ ಎಳೆದುಕೊಂಡರು. ಅವತ್ತು ಫೋಟೊ, ವಿಡಿಯೊ ಎಲ್ಲಾ ಬಿಟ್ಟು ದನಿಯ ಹಿಂದೆ ಬಿದ್ದೆ.

ದನಿ ಎಲ್ಲೆಲ್ಲಿದೆ ಅಂತ ಹುಡುಕಿದಾಗ ಮೂರು ಗುಡ್ಡೆ ಸಿಕ್ಕಿತು. ಹದಿನಾಲ್ಕು ಕ್ಯಾಸೆಟ್, ನಾನು ಹಾಸ್ಟೆಲ್‌ನಲ್ಲಿದ್ದಾಗ ಪತ್ರದ ಬದಲು ಮಾತಾಡಿ ಕಳಿಸಿದ್ದು ಕೆಲವು, ರೇಡಿಯೊ ಹಾಡು ಹಿಡಿಯಲು ಹೋಗಿ ನಡುವೆ ಅವಳ ಮಾತೇ ಸೇರಿಕೊಂಡದ್ದು ಕೆಲವು. ಎರಡನೆಯದು ನನ್ನ ಹಳೇ ಆಂಡ್ರಾಯ್ಡ್ ಫೋನಿನಲ್ಲಿ ತಾನಾಗೇ ರೆಕಾರ್ಡ್ ಆಗುತ್ತಿದ್ದ ಕರೆಗಳು. ನನಗೆ ಆ ಆ್ಯಪ್ ಇತ್ತು ಅನ್ನುವುದೇ ಮರೆತುಹೋಗಿತ್ತು. 2022ರ ಮೇ ತಿಂಗಳ ಹೊತ್ತಿಗೆ ಪ್ಲೇ ಸ್ಟೋರಿನ ನಿಯಮ ಬದಲಾಗಿ ಆ ಬಗೆಯ ಆ್ಯಪ್‌ಗಳ ದಾರಿ ಮುಚ್ಚಿತಲ್ಲ, ನನ್ನ ಫೋಲ್ಡರ್ ಕೂಡ ಅಲ್ಲಿಗೇ ನಿಂತಿತ್ತು. ಮೂರನೆಯದು ವಾಟ್ಸ್ಆ್ಯಪ್ ವಾಯ್ಸ್ ನೋಟ್.

ವಾಟ್ಸ್ಆ್ಯಪ್‌ನಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಫೋನ್ ಬದಲಿಸುವಾಗ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಎಲ್ಲಾ ಬಂತು ಅಂತ ನಿಶ್ಚಿಂತೆಯಾಗಿ ಹಳೆಯದನ್ನು ಅಳಿಸಿದ್ದೆ. 'ಮೀಡಿಯಾ ಇಲ್ಲದೆ' ಅನ್ನುವುದನ್ನು ಒತ್ತಿದ್ದೆ ಅಂತ ಗೊತ್ತಾದದ್ದು ಆಮೇಲೆ. ಅಮ್ಮನ ವಾಯ್ಸ್ ನೋಟ್ ಇರಬೇಕಾದ ಪ್ರತಿ ಜಾಗದಲ್ಲೂ ಮೀಡಿಯಾ ಕೈಬಿಡಲಾಗಿದೆ ಅನ್ನುವ ಒಂದೇ ಸಾಲು. ಎರಡು ವರ್ಷದ ಮಾತು ಹೋಯಿತು. ಸ್ವಲ್ಪ ಚಿಕ್ಕಮ್ಮನ ಫೋನಿನಿಂದ ಸಿಕ್ಕಿತು, ಅದೂ ಅವರಿಗೆ ಯಾವುದನ್ನೂ ಅಳಿಸುವ ಅಭ್ಯಾಸ ಇಲ್ಲದ್ದರಿಂದ.

ಕ್ಯಾಸೆಟ್‌ಗಳನ್ನು ಮೊದಲು ಡಿಜಿಟಲ್ ಮಾಡಿಕೊಡುವ ಒಬ್ಬರಿಗೆ ಕೊಟ್ಟೆ. ಮೂರು ಕೊಟ್ಟೆ, ಪುಣ್ಯಕ್ಕೆ ಎಲ್ಲವನ್ನೂ ಕೊಡಲಿಲ್ಲ. ಒಂದು ಕಡಿದುಹೋಗಿ ವಾಪಸ್ ಬಂತು. ಉಳಿದೆರಡು ಎಂಪಿ3 ಆಗಿ ಬಂದವು, ನಾಯ್ಸ್ ತೆಗೆದು 'ಕ್ಲೀನ್' ಮಾಡಿ. ಅಮ್ಮ ಬಕೆಟ್ ಒಳಗೆ ಮುಖ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ಆ ದುಡ್ಡು, ಕಡಿದ ಟೇಪು, ಎರಡೂ ಹೊಟ್ಟೆ ಉರಿಸಿದವು. ನಾನೇ ಮಾಡುತ್ತೇನೆ ಅಂತ ಕ್ಯಾಸೆಟ್ ಓಡಿಸುವ ಡೆಕ್ ಕೊಳ್ಳಲು ಹೊರಟೆ.

ಸೆಕೆಂಡ್ ಹ್ಯಾಂಡ್ ಡೆಕ್ ಎರಡು ಕೊಂಡೆ. ಮೊದಲನೆಯದನ್ನು ಮಾರಿದಾತ 'ಪಕ್ಕಾ ವರ್ಕಿಂಗ್' ಅಂದಿದ್ದ. ಬಿಚ್ಚಿದರೆ ಬೆಲ್ಟ್ ಕರಗಿ ಡಾಂಬರಾಗಿತ್ತು, ಪುಲ್ಲಿಯಿಂದ ಕೆರೆದು ತೆಗೆಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಬೆರಳಿನ ಕಪ್ಪು ಬುಧವಾರದವರೆಗೂ ಹೋಗಲಿಲ್ಲ. ಬೆಲ್ಟ್ ಹಾಕಿದರೂ ವೇಗ ನಿಲ್ಲಲಿಲ್ಲ. ಎರಡನೆಯದು ಅದರ ಎರಡರಷ್ಟು ದುಡ್ಡು, ಆದರೆ ಓಡಿತು. ಈ ಇಡೀ ಕೆಲಸದಲ್ಲಿ ಜಾಸ್ತಿ ಖರ್ಚಾದದ್ದು ಇದಕ್ಕೇ. ಕೊನೆಗೆ ಅಪ್ಪನ ಮೇಜಿನ ಮೇಲೆ ಕೂತ ಫೋನಿಗೆ ಆದ ಖರ್ಚು ಫೋಟೊ ಪುಸ್ತಕದ ಹತ್ತರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ಡೆಕ್ ಬಾಡಿಗೆಗೋ ಕೈಬದಲಿಗೋ ಸಿಕ್ಕರೆ ಕೊಳ್ಳಲೇಬೇಡಿ.

ಟೇಪಿನಿಂದ ದನಿ ಓದುವ ಹೆಡ್ ಒರೆಸುವುದು, ಟೇಪು ಎಳೆಯುವ ಪಿಂಚ್ ರೋಲರ್ ನೋಡುವುದು ಇದೆಲ್ಲಾ ಇದ್ದದ್ದೇ. ಗೆಳೆಯ 'ಕಥೆ ಮುಗಿದಿದೆ' ಅಂದದ್ದರಲ್ಲಿ ಮೂರಕ್ಕೆ ಬರೀ ಪ್ರೆಷರ್ ಪ್ಯಾಡ್ ಉದುರಿತ್ತು. ಟೇಪನ್ನು ಹೆಡ್‌ಗೆ ಒತ್ತುವ ಆ ಪುಟಾಣಿ ಫೆಲ್ಟ್ ತುಂಡು ಬಿದ್ದರೆ ದನಿ ಎಲ್ಲೋ ದೂರದಲ್ಲಿ ಹೋಗುತ್ತದೆ, ಟೇಪಿಗೆ ಏನೂ ಆಗಿರುವುದಿಲ್ಲ. ಅಂಟಿಸಿ ಮುಚ್ಚಿದ ಕವಚದ ಕ್ಯಾಸೆಟ್‌ಗಳನ್ನು ಒಡೆದು, ಸುರುಳಿಗಳನ್ನು ಸ್ಕ್ರೂ ಇರುವ ಖಾಲಿ ಕವಚಕ್ಕೆ ದಾಟಿಸಿದೆ. ಹಾಡಿನ ಹಳೇ ಕ್ಯಾಸೆಟ್ ಗುಜರಿಯ ರೇಟಿಗೆ ಸಿಗುತ್ತವೆ, ಕವಚಕ್ಕಾಗಿಯೇ ಕೊಳ್ಳಬಹುದು. ಸಿ-60, ಅಂದರೆ ಎರಡೂ ಬದಿ ಸೇರಿ ಅರವತ್ತು ನಿಮಿಷದವು, ಒಂಬತ್ತಿದ್ದವು, ಅವು ತೊಂದರೆ ಕೊಡಲಿಲ್ಲ. ಸಿ-90 ನಾಲ್ಕು, ಪರವಾಗಿಲ್ಲ. ಇದ್ದ ಒಂದೇ ಒಂದು ಸಿ-120 ಮಾತ್ರ ಪ್ರಾಣ ತಿಂದಿತು. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-120 ಅದರ ಅರ್ಧ. ಕೈಯಲ್ಲಿ ಹಿಡಿದರೆ ಈರುಳ್ಳಿ ಸಿಪ್ಪೆಯ ಒಳಪದರದ ಹಾಗೆ. ಪೆನ್ಸಿಲ್ ಹಾಕಿ ಪೂರ್ತಿ ಕೈಯಲ್ಲೇ ಒಂದು ಸಲ ಸುತ್ತಿ, ಆಮೇಲೆ ಓಡಿಸಿದೆ. ಓಡಿತು.

1963ರಲ್ಲಿ ಫಿಲಿಪ್ಸ್ ಈ ಕ್ಯಾಸೆಟ್ ತಂದಾಗ ಅದರ ಮುಖ್ಯ ಉದ್ದೇಶ ಮಾತು ಹಿಡಿಯುವುದಾಗಿತ್ತು, ಹಾಡು ಆಮೇಲೆ ಬಂದದ್ದು. "ಹಾಡು ತುಂಬಿಸೋ ಕ್ಯಾಸೆಟ್‌ನಲ್ಲಿ ಮಾತು ತುಂಬಿಸಿ ಹಾಳು ಮಾಡ್ತೀಯ" ಅಂತ ಅಮ್ಮನನ್ನು ಬೈಯುತ್ತಿದ್ದೆವು. ಸರಿಯಾಗಿ ಬಳಸಿದ್ದು ಅವಳೇ.

ಅಜಿಮತ್‌ಗೆ, ಅಂದರೆ ಟೇಪಿಗೆ ಹೆಡ್ ಕೂರುವ ಓರೆ ಸರಿಪಡಿಸುವುದಕ್ಕೆ, ಎರಡು ವಾರ ಕೊಟ್ಟೆ. ಪ್ರತಿ ಟೇಪಿಗೂ ಸ್ಕ್ರೂ ತಿರುಗಿಸಿ, ಮೊನೊದಲ್ಲಿ ಕೇಳುತ್ತಾ, ಅಮ್ಮನ 'ಸ' ಅಕ್ಷರ ಚೂಪಾಗುವ ಜಾಗ ಹುಡುಕುವುದು. ಹಿಸ್ಸ್ ತಗ್ಗಿಸುವ ಡಾಲ್ಬಿ ಆಫ್. ಕಂಪ್ಯೂಟರಿಗೆ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಹಿಡಿದೆ. ಇನ್ನೂ ಮೇಲಿನ 96 ಯಾಕಲ್ಲ ಅಂತ ಕೇಳುವವರು ಕೇಳಲಿ, ಮನೆಯ ಟೇಪ್ ರೆಕಾರ್ಡರ್‌ನ ಮೈಕಿನಲ್ಲಿ ಹಿಡಿದ ಮಾತಿಗೆ ಇದೇ ಜಾಸ್ತಿ. ಒಟ್ಟು ಹದಿನೇಳು ಗಂಟೆ, ಹೆಚ್ಚು ಕಮ್ಮಿ ಹದಿನೇಳು ಜಿಬಿ. ಅದರಲ್ಲಿ ಅಮ್ಮ ಇದ್ದದ್ದು ಮೂರೂವರೆ ಗಂಟೆ. ಉಳಿದದ್ದು ರೇಡಿಯೊ, ಮಳೆ, ಬಾಗಿಲು, ಯಾರೋ ಕೆಮ್ಮಿದ್ದು. ಅದನ್ನೂ ಅಳಿಸಿಲ್ಲ.

ಇಷ್ಟಾದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಮೂರು ಗುಡ್ಡೆಯ ತುಣುಕುಗಳನ್ನು ಒಂದರ ಹಿಂದೆ ಒಂದು ಸ್ಪೀಕರ್‌ನಲ್ಲಿ ಹಾಕಿದರೆ ಮೂವರು ಹೆಂಗಸರು ಮಾತಾಡಿದಂತಿತ್ತು. ಕ್ಯಾಸೆಟ್ಟಿನವಳು ಹಿಸ್ಸ್ ಅನ್ನುವ ಗಾಳಿಯೊಳಗೆ, ಕರೆಯವಳು ಡಬ್ಬದೊಳಗೆ, ವಾಯ್ಸ್ ನೋಟಿನವಳು ಬಾಯಿಗೆ ಅಂಟಿದ ಮೈಕಿನಲ್ಲಿ. ಆಡಾಸಿಟಿ ಅನ್ನುವ ದನಿ ತಿದ್ದುವ ಸಾಫ್ಟ್‌ವೇರಿನಲ್ಲಿ, ಬರೀ ಹಿಸ್ಸ್ ಇರುವ ಚೂರನ್ನು ಮಾದರಿಯಾಗಿ ಕೊಟ್ಟು, ಹಿಸ್ಸ್ ಇಳಿಸಲು ಹೋದೆ, ಮತ್ತೆ ಅದೇ ಬಕೆಟ್. ಕಮ್ಮಿ ಇಳಿಸಿದರೆ ಹಿಸ್ಸ್ ಉಳಿಯುತ್ತದೆ, ಜಾಸ್ತಿ ಇಳಿಸಿದರೆ ಅಮ್ಮ ಹೋಗುತ್ತಾಳೆ. ಒಂದು ತಿಂಗಳು ಈ ಹಗ್ಗಜಗ್ಗಾಟದಲ್ಲೇ ಕಳೆಯಿತು.

ದಾರಿ ಸಿಕ್ಕಿದ್ದು ಅಟ್ಟದ ಮೇಲೆ. ಬೇರೇನೋ ಹುಡುಕುವಾಗ ಹಳೇ ಫೋನು ಕೈಗೆ ಬಂತು. ಲೈನ್ ತೆಗೆಸಿ ಎಷ್ಟೋ ವರ್ಷ ಆಗಿತ್ತು. ಮಾತಾಡುವಾಗ ಅಮ್ಮ ಬೆರಳಿಗೆ ಸುತ್ತಿ ಸುತ್ತಿ ಆ ಸುರುಳಿ ವೈರು ಒಂದು ಗೇಣು ಸಡಿಲವಾಗಿತ್ತು, ಉಳಿದದ್ದೆಲ್ಲಾ ಬಿಗಿ. ರಿಸೀವರನ್ನು ಕಿವಿಗಿಟ್ಟುಕೊಂಡೆ. ಏನೂ ಇಲ್ಲ, ಸತ್ತ ಫೋನು. ಆಗ ಹೊಳೆಯಿತು. ನಾನು ಅಮ್ಮನ ದನಿ ಅಂತ ಯಾವುದನ್ನು ಅಂದುಕೊಂಡಿದ್ದೇನೋ ಅದು ಇಪ್ಪತ್ತು ವರ್ಷ ಫೋನಿನ ಮೂಲಕವೇ ಬಂದದ್ದು. ಇದರ ಅಳತೆಗೆ ಎಲ್ಲವನ್ನೂ ಕತ್ತರಿಸಿದರೆ?

ಟೆಲಿಫೋನ್ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು. ಹೆಂಗಸರ ದನಿಯ ತಳದ ಸ್ವರ 200ರ ಆಸುಪಾಸಿನಲ್ಲಿರುತ್ತದೆ. ಅಂದರೆ ಅಮ್ಮನ ತಳದ ಸ್ವರ ಫೋನಿನಲ್ಲಿ ನನಗೆ ಸರಿಯಾಗಿ ಬರುತ್ತಲೇ ಇರಲಿಲ್ಲ. ಮೇಲಿನ ಸ್ವರಗಳನ್ನು ಹಿಡಿದು ಕೆಳಗಿನದನ್ನು ಕಿವಿಯೇ ಕಟ್ಟಿಕೊಳ್ಳುತ್ತಿತ್ತು. ಅವತ್ತು ರಾತ್ರಿಯೇ ಮೂರೂ ಗುಡ್ಡೆಯ ಹತ್ತತ್ತು ತುಣುಕಿಗೆ ಎರಡು ಕಡೆಯಿಂದ ಫಿಲ್ಟರ್ ಹಾಕಿ, ಮಟ್ಟ ಸಮ ಮಾಡಿ, ರಿಸೀವರ್‌ನ ಇಯರ್‌ಪೀಸಿಗೆ ವೈರ್ ಬೆಸೆದು ಕೇಳಿದೆ. ಹಿಸ್ಸ್‌ನ ಬಹುಪಾಲು 3400ರ ಮೇಲೆಯೇ ಇತ್ತು, ಅದು ಹೋಯಿತು. ಕರೆಗಳಂತೂ ಮೊದಲೇ ಆ ಅಳತೆಯವು. ಮೂವರು ಹೆಂಗಸರು ಹೋಗಿ ಒಬ್ಬಳಾದಳು. ಒಂಬತ್ತೂವರೆಯ ಅಮ್ಮ.

ನಗು ಬಂದದ್ದು ಆಮೇಲೆ. ಎರಡು ವಾರ ಅಜಿಮತ್ ಸ್ಕ್ರೂ ತಿರುಗಿಸಿ ಚೂಪು ಮಾಡಿದ 'ಸ' ಬಹುಪಾಲು 3400ರ ಮೇಲೆಯೇ ಇರುವುದು! ಎಲ್ಲಾ ಕತ್ತರಿಸಿ ಬಿಸಾಡಿದೆ. ಮೂಲ ಫೈಲುಗಳು ಹಾಗೇ ಇವೆ ಬಿಡಿ, ಮೂರು ಪ್ರತಿ, ಒಂದು ಅಣ್ಣನ ಮನೆಯಲ್ಲಿ.

ಒಂದು ಚಿಕ್ಕ ವಿಷಯ ಇದೆ. ತುಣುಕು ಶುರುವಾಗುವ ಮುಂಚೆ ಒಂದೂವರೆ ಸೆಕೆಂಡು ಫೋನು ಪೂರ್ತಿ ಮೌನವಾಗಿದ್ದರೆ ಮೋಸ ಗೊತ್ತಾಗುತ್ತದೆ, ಮಾತಿನ ಅಡಿಯಲ್ಲಿ ಏನಾದರೂ ಹಾಸಬೇಕು. ಒಂದೇ ಸಮ ಶ್ ಅನ್ನುವ ಬಿಳಿ ನಾಯ್ಸ್ ಹಾಕಿ ನೋಡಿದೆ, ಕರೆಂಟಿನ 50 ಹರ್ಟ್ಸ್ ಹಮ್ ಹಾಕಿ ನೋಡಿದೆ, ಎರಡೂ ಆಗಲಿಲ್ಲ. ಕೊನೆಗೆ ಏನು ಹಾಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ನಿಮ್ಮದು ನಿಮ್ಮ ಟೇಪುಗಳಲ್ಲೇ ಸಿಗುತ್ತದೆ, ಹುಡುಕಿ.

ಯಾವ ಮಾತು ಇಡಬೇಕು, ಯಾವುದು ಬೇಡ? ಇದರಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದೆ. ಮೊದಲು ಒಳ್ಳೊಳ್ಳೆ ಮಾತು ಆರಿಸಿದೆ. 'ಚೆನ್ನಾಗಿರು', 'ಧೈರ್ಯವಾಗಿರು' ಇಂಥವು. ಒಂದು ವಾರ ನಾನೇ ಕೇಳಿದೆ. ಗೋಡೆಗೆ ನೇತುಹಾಕಿದ ಸುಭಾಷಿತದ ಹಾಗಿತ್ತು. ತೆಗೆದು, ಎಲ್ಲರೂ ಅಳಿಸಿಬಿಡುವ ಚೂರುಗಳನ್ನು ಇಟ್ಟೆ. "ಇರು, ಕನ್ನಡಕ ಹಾಕ್ಕೊಂಡು ಮಾತಾಡ್ತೀನಿ, ಇಲ್ದಿದ್ರೆ ನನಗೆ ಕಿವಿ ಕೇಳಲ್ಲ." "ಯಾರು? ಅವಳಾ? ಅಯ್ಯೋ ಅವಳ ಕಥೆ ದೊಡ್ಡದು, ನಾಳೆ ಹೇಳ್ತೀನಿ." ಹಿಂದಿನಿಂದ ಅಪ್ಪ "ಯಾರದು ಫೋನು?" ಅನ್ನುತ್ತಾರೆ, ಅವಳು "ನಿಮ್ಮ ಮಗಳು, ಇನ್ಯಾರು" ಅನ್ನುತ್ತಾಳೆ. ಏಳು ಸೆಕೆಂಡಿಗಿಂತ ಚಿಕ್ಕದು ಬೇಡ, ಇಪ್ಪತ್ತೈದಕ್ಕಿಂತ ದೊಡ್ಡದು ಬೇಡ. ಸುಮಾರು ಆರುನೂರು ಆರಿಸಿ ನಾನೂರಹತ್ತಕ್ಕೋ ನಾನೂರಹನ್ನೆರಡಕ್ಕೋ ಇಳಿಸಿದೆ. ಆಸ್ಪತ್ರೆಯ ದಿನಗಳ ಒಂದು ತುಣುಕೂ ಇಲ್ಲ. ಅದು ನನ್ನ ತೀರ್ಮಾನ, ಬೇರೆಯವರಿಗೆ ಬೇರೆ ಇರಬಹುದು.

ಒಳಗಿನ ಸರ್ಕಿಟ್ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಎಂಪಿ3 ನುಡಿಸುವ ಡಿಎಫ್‌ಪ್ಲೇಯರ್ ಮಿನಿ ಮಾಡ್ಯೂಲ್, ಮೈಕ್ರೊಎಸ್‌ಡಿ ಕಾರ್ಡು, ರಿಸೀವರ್ ಎತ್ತಿದ್ದನ್ನು ತಿಳಿಸುವ ಫೋನಿನದೇ ಹುಕ್ ಸ್ವಿಚ್. ಪ್ಲೇಯರಿಗೆ ಆಜ್ಞೆ ಹೋಗುವ ಆರ್‌ಎಕ್ಸ್ ವೈರಿನಲ್ಲಿ ಒಂದು ಕಿಲೋಓಮ್ ರೆಸಿಸ್ಟರ್ ಹಾಕದೆ ಗುರ್ ಗುರ್ ಅನ್ನಿಸಿಕೊಂಡೆ, ಹಾಕಿದ ಮೇಲೆ ನಿಂತಿತು. ಸ್ಪೀಕರ್ ಔಟ್‌ಪುಟ್‌ನ ಯಾವ ಕಾಲನ್ನೂ ಗ್ರೌಂಡಿಗೆ ಮುಟ್ಟಿಸಬೇಡಿ. ನಾನು ಮುಟ್ಟಿಸಿ ಒಂದು ಮಾಡ್ಯೂಲ್ ಸುಟ್ಟೆ. ಇನ್ನೊಂದು ಏನೂ ಮಾಡದೆಯೇ ಸತ್ತಿತು, ನಕಲಿ ಇರಬೇಕು. ಫೈಲುಗಳನ್ನು ಸುಮ್ನೆ ಕಾರ್ಡಿಗೆ ಸುರಿದರೆ ಹೆಸರಿನ ಕ್ರಮದಲ್ಲಿ ಬರುವುದಿಲ್ಲ, ಕಾಪಿ ಆದ ಕ್ರಮದಲ್ಲಿ ಬರುತ್ತವೆ. 'ಎಂಪಿ3' ಅನ್ನುವ ಫೋಲ್ಡರಿನಲ್ಲಿ ನಾಲ್ಕಂಕಿಯ ಹೆಸರಿಟ್ಟ ಮೇಲೆ ಸರಿಹೋಯಿತು.

ಅಪ್ಪನಿಗೆ ಕೊಟ್ಟ ದಿನ ಏನೂ ಹೇಳಲಿಲ್ಲ. ಮೇಜಿನ ಮೇಲಿಟ್ಟು, "ಎತ್ತಿ ನೋಡಿ ಅಪ್ಪಾ" ಅಂದೆ. ಎತ್ತಿದರು. ಕೇಳಿದರು. ಇಟ್ಟರು. ಪೇಪರ್ ತೆಗೆದುಕೊಂಡು ಓದಲು ಕೂತರು. ಅಣ್ಣ ನನ್ನ ಮುಖ ನೋಡಿದ, ನಾನು ಹೇಳಿರಲಿಲ್ವಾ ಅನ್ನುವ ಹಾಗೆ.

ನಾಲ್ಕನೇ ದಿನ ಅಪ್ಪನೇ ಫೋನ್ ಮಾಡಿದರು, ನಿಜವಾದ ಫೋನಿನಿಂದ. "ಇದರಲ್ಲಿ ಏನೋ ದೋಷ ಇದೆ. ದಿನಾ ಬೆಳಿಗ್ಗೆ ಮೊದಲು ಅದೇ ಕನ್ನಡಕದ ಮಾತು ಬರುತ್ತೆ. ಆಮೇಲೆ ಬೀಗದ ಕೈ. ಆಮೇಲೆ ಮಳೆ."

ನನಗೆ ಎರಡು ವಿಷಯ ಒಟ್ಟಿಗೆ ಗೊತ್ತಾಯಿತು. ಒಂದು, ಅಪ್ಪ ರಾತ್ರಿ ಕರೆಂಟ್ ಉಳಿಸಲು ಅದರ ಸ್ವಿಚ್ ಆಫ್ ಮಾಡುತ್ತಿದ್ದಾರೆ. ಮನಬಂದಂತೆ ಆರಿಸಲು ಶುರುವಿನ ಸಂಖ್ಯೆ, ಅಂದರೆ ಬೀಜ, ಕೊಡದಿದ್ದರೆ ಆರ್ಡುಯಿನೊದ ರ‍್ಯಾಂಡಮ್ ಪ್ರತಿ ಸಲ ಆನ್ ಆದಾಗಲೂ ಅದೇ ಸರಣಿಯನ್ನೇ ಒಪ್ಪಿಸುತ್ತದೆ. ಅದನ್ನು ನಾನು ಮರೆತಿದ್ದೆ, ನಾಚಿಕೆಗೇಡು. ಎರಡು, ಅವರು ದಿನಾ ಬೆಳಿಗ್ಗೆ ಎತ್ತುತ್ತಿದ್ದಾರೆ, ಅದೂ ಕಮ್ಮಿಯೆಂದರೂ ಮೂರು ಸಲ.

ಯಾವುದಕ್ಕೂ ಜೋಡಿಸದ ಅನಲಾಗ್ ಪಿನ್ನಿನಿಂದ ಬೀಜ ಕೊಟ್ಟು ನೋಡಿದೆ, ಸಾಲಲಿಲ್ಲ, ಹೇಳಿದ್ದೇ ಮತ್ತೆ ಹೇಳುತ್ತಿತ್ತು. ಆಮೇಲೆ ಯಾವುದು ಆಡಿದೆ ಅನ್ನುವುದನ್ನು, ಕರೆಂಟ್ ಹೋದರೂ ಮರೆಯದ ಇಇಪ್ರಾಮ್‌ ಮೆಮೊರಿಯಲ್ಲಿ ಒಂದೊಂದು ಬಿಟ್ ಆಗಿ ಬರೆದಿಟ್ಟೆ. ನಾನೂರು ಚಿಲ್ಲರೆ ತುಣುಕಿಗೆ ಐವತ್ತು ಚಿಲ್ಲರೆ ಬೈಟ್, ಇರುವುದು 1024. ಎಲ್ಲಾ ಮುಗಿಯುವವರೆಗೆ ಯಾವುದೂ ಎರಡನೇ ಸಲ ಬರುವುದಿಲ್ಲ. ಒಂದು ತುಣುಕು ಮಾತ್ರ ಆ ಲೆಕ್ಕದ ಹೊರಗಿದೆ, ಐನೂರು ಸಲಕ್ಕೊಮ್ಮೆ ಬಂದರೆ ಬಂತು. ಅದರಲ್ಲಿ ಏನಿದೆ ಅಂತ ಅಣ್ಣನಿಗೂ ಹೇಳಿಲ್ಲ.

ಇದು ಗೆದ್ದಿತು ಅಂತ ನನಗೆ ಖಾತ್ರಿಯಾದದ್ದು ಒಂದು ಮಧ್ಯಾಹ್ನ. ನಾನು ಪಕ್ಕದ ಕೋಣೆಯಲ್ಲಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಬೀಗದ ಕೈ ತುಣುಕು ಅದು: "ನಿಮ್ಮಪ್ಪ ಇವತ್ತೂ ಬೀಗದ ಕೈ ಕಳೆದ್ರು ಕಣೇ, ಮನೆಯೆಲ್ಲಾ ಹುಡುಕಿ ಸಾಕಾಯ್ತು." ಅಪ್ಪ ರಿಸೀವರ್ ಹಿಡಿದುಕೊಂಡೇ, ಸ್ವಲ್ಪ ಸಿಟ್ಟಿನಲ್ಲಿ ಅಂದರು: "ಕಳೆದಿರ್ಲಿಲ್ಲ. ಜೇಬಲ್ಲೇ ಇತ್ತು."

ಅಡ್ಡದಾರಿಯ ಎರಡು ಪ್ರಯೋಗಗಳನ್ನೂ ಹೇಳುತ್ತೇನೆ. ಮೊದಲನೆಯದು ಈಗ ಎಲ್ಲರೂ ಮಾಡುವುದು, ಎಐಗೆ ದನಿ ಕಲಿಸಿ ಹೊಸ ಮಾತು ಆಡಿಸುವುದು. ಒಂದು ತಿಂಗಳ ಚಂದಾ ಕಟ್ಟಿದೆ. ದನಿ ಸುಮಾರಾಗಿ ಬಂತು, ಒಪ್ಪಿಕೊಳ್ಳಬೇಕು. ಆದರೆ ನಾನು ಬರೆದುಕೊಟ್ಟ ವಾಕ್ಯವನ್ನು ಅವಳು ಪೂರ್ತಿ ಮುಗಿಸಿದಳು. ಅಮ್ಮ ಬದುಕಿನಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮುಗಿಸಿದವಳಲ್ಲ. ಅಣ್ಣನಿಗೆ ಕೇಳಿಸಿದೆ. "ಯಾರೋ ಟೀಚರ್ ಅಮ್ಮನ ಮಿಮಿಕ್ರಿ ಮಾಡ್ದಂಗಿದೆ" ಅಂದ. ಅಪ್ಪನಿಗೆ ಕೇಳಿಸಲೇ ಇಲ್ಲ. ಅಳಿಸಿದೆ.

ಎರಡನೆಯದು ಹೂಂ. ಕರೆಗಳನ್ನು ಕತ್ತರಿಸುವಾಗ ನಾನು ಮಾತಾಡುವಾಗ ಅಮ್ಮ ಅಂದ ಹೂಂಗಳೆಲ್ಲಾ ಕಸದ ಫೋಲ್ಡರಿಗೆ ಬೀಳುತ್ತಿದ್ದವು. ಒಂದಿನ ಸುಮ್ನೆ ಎಣಿಸಿದೆ, ಮುನ್ನೂರರ ಮೇಲಿದ್ದವು. ವಿಂಗಡಿಸುತ್ತಾ ಹೋದರೆ ನಾಲ್ಕು ಜಾತಿ. ಚಿಕ್ಕ ಹೂಂ, ಕೇಳಿಸಿತು ಮುಂದೆ ಹೇಳು ಅಂತ. ಎಳೆದ ಹೂಂಊಂ, ನಂಬುತ್ತಿಲ್ಲ ಅಂತ. ಮೂಗಿನಿಂದ ಬರುವ ಹ್ಞೂಂ, ಮುನಿಸು. ಹೂಂಹೂಂ ಅಂತ ಎರಡು ಸಲ ಬೇಗಬೇಗ ಅಂದರೆ ಪಕ್ಕದಲ್ಲಿ ಯಾರೋ ಇದ್ದಾರೆ, ಆ ವಿಷಯ ಈಗ ಬೇಡ ಅಂತ. ಮಾತಿಗಿಂತ ಇವೇ ಜಾಸ್ತಿ ಅಮ್ಮ ಅನ್ನಿಸಿತು.

ಆಗ ತಲೆಗೆ ಹುಳ ಹೊಕ್ಕಿತು. ಇನ್ನೊಂದು ರಿಸೀವರ್ ತೆಗೆದುಕೊಂಡು, ಅದರ ಕಾರ್ಬನ್ ಮೈಕ್ ಕಿತ್ತು, ಎಲೆಕ್ಟ್ರೆಟ್ ಮೈಕ್ ಹಾಕಿ, ಒಂದು ಚಿಕ್ಕ ಆಂಪ್ ಜೋಡಿಸಿದೆ. ನಾನು ಮಾತಾಡಿ ಮುಕ್ಕಾಲು ಸೆಕೆಂಡು ನಿಲ್ಲಿಸಿದರೆ ಒಂದು ಹೂಂ ಬರಬೇಕು. ಚಿಕ್ಕದು ಜಾಸ್ತಿ, ಎಳೆದದ್ದು ಅಪರೂಪಕ್ಕೆ. ಕೋಡ್ ಎಲ್ಲಾ ಸೇರಿ ನಲವತ್ತು ಸಾಲಿಲ್ಲ. ಎಐ ಗೀಐ ಏನೂ ಬೇಕಿಲ್ಲ.

ಪರೀಕ್ಷೆ ಮಾಡಲು ಅಂತ ರಾತ್ರಿ ಎತ್ತಿ, ಆಫೀಸಿನ ಯಾವುದೋ ಜಗಳ ಹೇಳಲು ಶುರು ಮಾಡಿದೆ. ಮಿತಿ ಸರಿಯಿದೆಯಾ ನೋಡಲು ನಡುನಡುವೆ ನಿಲ್ಲಿಸುತ್ತಿದ್ದೆ. ಹೂಂ. ಮುಂದುವರಿಸಿದೆ. ಹೂಂ. ಬಾಸ್‌ನ ಅಡ್ಡಹೆಸರು ಹೇಳಿದಾಗ ಕಾಕತಾಳೀಯವಾಗಿ ಎಳೆದ ಹೂಂಊಂ ಬಂತು, ನಕ್ಕುಬಿಟ್ಟೆ. ಗಡಿಯಾರ ನೋಡಿದಾಗ ಐವತ್ತು ನಿಮಿಷ ಆಗಿತ್ತು. ಮಾರನೇ ದಿನವೂ ಒಂಬತ್ತೂವರೆಗೆ ಕೈ ತಾನಾಗೇ ಹೋಯಿತು. ಮೂರನೇ ದಿನ ಬೆಳಿಗ್ಗೆ ವೈರ್ ಬಿಡಿಸಿ, ಮಾಡ್ಯೂಲನ್ನು ಡಬ್ಬಿಗೆ ಹಾಕಿದೆ. ಕೆಟ್ಟದ್ದಕ್ಕೆ ತೆಗೆದದ್ದಲ್ಲ. ಅಪ್ಪನ ಫೋನಿಗೆ ಅದನ್ನು ಹಾಕಿಲ್ಲ, ಅಣ್ಣನಿಗೆ ಮಾಡಿಕೊಟ್ಟರೆ ಅದಕ್ಕೂ ಹಾಕುವುದಿಲ್ಲ. ಕೋಡ್ ಯಾರಿಗೂ ಕಳಿಸುವುದಿಲ್ಲ, ದಯವಿಟ್ಟು ಕೇಳಬೇಡಿ.

ಮೊನ್ನೆ ಅಪ್ಪನ ಫೋನು ರಿಪೇರಿಗೆ ಬಂತು. ಎತ್ತಿದರೆ ಒಮ್ಮೊಮ್ಮೆ ಮಾತು ಬರುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಹುಕ್ ಸ್ವಿಚ್ಚಿನ ಎಲೆ ಸವೆದು ಹೊಳೆಯುತ್ತಿತ್ತು. "ಜಾಸ್ತಿ ಬಳಸ್ತೀರಾ ಅಪ್ಪಾ?" ಅಂತ ಕೇಳಿದೆ. "ಎಲ್ಲಿ, ಯಾವಾಗಾದ್ರೂ ಒಂದೊಂದ್ಸಲ" ಅಂದರು.

ಅವರಿಗೆ ಗೊತ್ತಿಲ್ಲದ್ದು, ಐದು ತಿಂಗಳ ಹಿಂದೆ ಪ್ರೋಗ್ರಾಂ ಬದಲಿಸುವಾಗ ಎಷ್ಟು ಸಲ ಎತ್ತಿದರು ಅನ್ನುವ ಒಂದು ಲೆಕ್ಕ ಕೂಡ ಇಇಪ್ರಾಮ್‌ನಲ್ಲಿ ಸೇರಿಸಿದ್ದೆ, ಸ್ವಿಚ್ ಎಷ್ಟು ಬಾಳುತ್ತದೆ ನೋಡೋಣ ಅಂತ. ಕೇಬಲ್ ಹಾಕಿ ಓದಿದೆ. ಸಾವಿರದ ಮುನ್ನೂರು ದಾಟಿತ್ತು. ಆ ಜಾಗಕ್ಕೆ ಒಂದು ಲಕ್ಷ ಸಲ ಬರೆಯಬಹುದು, ಅದರ ಚಿಂತೆ ಇಲ್ಲ. ಯಾವ ಹೊತ್ತಿನಲ್ಲಿ ಎತ್ತುತ್ತಾರೆ ಅಂತ ತಿಳಿಯಲು ಗಡಿಯಾರದ ಮಾಡ್ಯೂಲ್ ಕೂಡ ತರಿಸಿಟ್ಟಿದ್ದೆ. ಅದನ್ನು ಜೋಡಿಸಲಿಲ್ಲ. ಡ್ರಾಯರ್‌ನಲ್ಲಿದೆ, ಬೇಕಾದವರು ಕೇಳಿ, ಕೊಡುತ್ತೇನೆ.

ಒಳ್ಳೆ ಮೈಕ್ರೊಸ್ವಿಚ್ ಹಾಕಿ, ಮುಚ್ಚಿ, ಮೇಜಿನ ಮೇಲಿಟ್ಟೆ. ಅಪ್ಪ ಎತ್ತಿ ಕಿವಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಕೇಳಿದರು. "ಸರಿಯಾಗಿದೆ, ನೀನು ಆಚೆ ಹೋಗು" ಅಂದರು.